ನಡುವೆ ರಕ್ತ ಕಂಡರೆ ಮಾತ್ರೆ ಬಿಡಬೇಕಾ? ನಮ್ಮ ಮನೆ ಹೆಂಗಸರ ಗುಂಪಿನಲ್ಲಿ ನಡೆದ ವಾದ

ಡೊಂಬಿವಲಿ ದೊಡ್ಡಮ್ಮ (ಫಾರ್ವರ್ಡ್): ಗರ್ಭನಿರೋಧಕ ಮಾತ್ರೆ ನುಂಗುವಾಗ ತಿಂಗಳ ನಡುವೆ ರಕ್ತ ಕಂಡರೆ ಗರ್ಭಕೋಶ ಕೊಳೆಯುತ್ತಿದೆ ಎಂದರ್ಥ!! ಕೂಡಲೇ ಮಾತ್ರೆ ನಿಲ್ಲಿಸಿ. ಬೆಳಿಗ್ಗೆ ಮೆಂತ್ಯ ನೀರು ಕುಡಿಯಿರಿ. ಎಲ್ಲ ಅಕ್ಕತಂಗಿಯರಿಗೂ ಕಳಿಸಿ 🙏

ಪುಣೆ ತಂಗಿ: ದೊಡ್ಡಮ್ಮ, ನಿನ್ನೆ ಸಂಜೆ ನೀವು ಹಾಕಿದ್ದು ಓದಿ ಭಯ ಆಯಿತು. ನಂದು ಎರಡನೇ ಸ್ಟ್ರಿಪ್ ನಡೆಯುತ್ತಿದೆ. ಪ್ಯಾಡ್ ಮೇಲೆ ಕಂದು ಕಲೆ ಕಾಣುತ್ತಿದೆ. ರಾತ್ರಿ ಮಾತ್ರೆ ತೆಗೆದುಕೊಳ್ಳಲೇ ಇಲ್ಲ.

ನಾನು: ಅಯ್ಯೋ, ಬಿಡಬೇಡ! ನಿನ್ನೆಯ ಮಾತ್ರೆ ಈಗಲೇ ತೆಗೆದುಕೋ, ಇವತ್ತಿನದು ರಾತ್ರಿ ಎಂದಿನ ಹೊತ್ತಿಗೆ. ಒಂದೇ ದಿನ ಎರಡು ಆದರೂ ತೊಂದರೆ ಇಲ್ಲ. ದೊಡ್ಡಮ್ಮ, ಬೇಜಾರು ಮಾಡಿಕೊಳ್ಳಬೇಡಿ, ಈ ಮೆಸೇಜ್ ಪೂರ್ತಿ ತಪ್ಪು. ಏನೂ ಕೊಳೆಯುವುದಿಲ್ಲ.

ಡೊಂಬಿವಲಿ ದೊಡ್ಡಮ್ಮ: ನೀನು ಆಸ್ಪತ್ರೆಯಲ್ಲಿ ನರ್ಸ್, ಒಪ್ಪಿದೆ. ಆದರೆ ಸುಮ್ನೆ ರಕ್ತ ಬರುತ್ತದಾ? ನನಗೂ ಮಾಲಾ-ಡಿ ನುಂಗುವಾಗ ಹೀಗೇ ಆಗಿತ್ತು. ಬಿಟ್ಟೆ, ನಿಂತಿತು. ಆಮೇಲೆ ಬಸುರಿಯಾದೆ, ಅದು ಬೇರೆ ಮಾತು.

ಘಾಟ್ಕೋಪರ್ ಚಿಕ್ಕಮ್ಮ: ಬೇರೆ ಮಾತಲ್ಲ ಅಕ್ಕ, ಅದೇ ಮಾತು!

ನಾನು: ನೋಡಿ, ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ಕಲೆಯಿಂದ ಆಗುವ ತೊಂದರೆಗಿಂತ, ಅದಕ್ಕೆ ಹೆದರಿ ಅರ್ಧಕ್ಕೆ ಬಿಡುವುದರಿಂದ ಆಗುವ ತೊಂದರೆ ದೊಡ್ಡದು. ಮಾತ್ರೆಯಲ್ಲಿ ಎರಡು ಹಾರ್ಮೋನ್ ಇರುತ್ತವೆ. ಪ್ರೊಜೆಸ್ಟಿನ್ ಗರ್ಭಕೋಶದ ಒಳಪದರವನ್ನು ತೆಳ್ಳಗೆ ಮಾಡುತ್ತದೆ, ಈಸ್ಟ್ರೋಜನ್ ಆ ಪದರ ಉದುರದಂತೆ ಹಿಡಿದಿಡುತ್ತದೆ. ಈಗಿನ ಮಾತ್ರೆಗಳಲ್ಲಿ ಈಸ್ಟ್ರೋಜನ್ ಕಡಿಮೆ, ಸಾಮಾನ್ಯವಾಗಿ 20 ಇಲ್ಲವೇ 30 ಮೈಕ್ರೋಗ್ರಾಂ, ಯಾಕೆಂದರೆ ಜಾಸ್ತಿ ಇದ್ದರೆ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯವೂ ಜಾಸ್ತಿ. ಹಿಡಿತ ಕಡಿಮೆಯಾದಾಗ ಪದರ ಅಲ್ಲಲ್ಲಿ ಉದುರುತ್ತದೆ, ಕಲೆ ಕಾಣುತ್ತದೆ. ಮೊದಲ 3 ತಿಂಗಳು ಇದು ತುಂಬ ಜನರಿಗೆ ಆಗುತ್ತದೆ, ಆಮೇಲೆ ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದರೆ, ಕಲೆ ಕಂಡ ಮಾತ್ರಕ್ಕೆ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದಲ್ಲ.

ಕಲ್ಯಾಣ್ ಅತ್ತೆ: ಇದೆಲ್ಲ ಗುಂಪಿನಲ್ಲಿ ಬೇಕಾ? ಮದುವೆಯಾಗದ ಹುಡುಗಿಯರೂ ಇದ್ದಾರೆ. ಪರ್ಸನಲ್ ಆಗಿ ಮಾತಾಡಿಕೊಳ್ಳಿ.

ನಾನು: ಅತ್ತೆ, ಹೆದರಿಸುವ ಮೆಸೇಜ್ ಗುಂಪಿಗೇ ಬಂತು, ಉತ್ತರವೂ ಇಲ್ಲೇ ಬರಬೇಕು. ಪಿಸಿಒಡಿಗೆ (ಹಾರ್ಮೋನ್ ಏರುಪೇರಾಗಿ ಮುಟ್ಟು ಹಿಂದುಮುಂದಾಗುವ ತೊಂದರೆ), ಮುಟ್ಟಿನ ಹೊಟ್ಟೆನೋವಿಗೆ ಮದುವೆಯಾಗದವರಿಗೂ ಇದೇ ಮಾತ್ರೆ ಬರೆದುಕೊಡುತ್ತಾರೆ. ಅವರಿಗೂ ಗೊತ್ತಿರಲಿ. ತಂಗಿ, ನಿನ್ನ ಸ್ಟ್ರಿಪ್ ಫೋಟೋ ಹಾಕು.

ಪುಣೆ ತಂಗಿ: 📷

ನಾನು: ಎರಡನೇ ಸಾಲಿನ ನಡುವೆ ನೋಡು, ಒಂದು ಬಿಳಿ ಮಾತ್ರೆ ಹಾಗೇ ಇದೆ. ಅದರ ಮುಂದಿನವೆಲ್ಲ ಖಾಲಿ.

ಪುಣೆ ತಂಗಿ: ಅಯ್ಯೋ ಹೌದಕ್ಕ!! ಹಿಂಜೇವಾಡಿಯಲ್ಲಿ ಶಿಫ್ಟ್ ಬದಲಾಯಿತು, ಬೆಳಿಗ್ಗೆ ಮನೆಗೆ ಬಂದು ಹಾಗೇ ಮಲಗಿಬಿಟ್ಟಿದ್ದೆ. ಕಲೆ ಶುರುವಾಗಿದ್ದೂ ಅದಾದ ಮೇಲೆಯೇ.

ನಾನು: ಹಾಗಿದ್ದರೆ ಅದೇ ಕಾರಣ ಇರಬೇಕು. ಆ ಹಳೆಯ ಮಾತ್ರೆ ಈಗ ನುಂಗಬೇಡ, ಬಿಡು. ನಿನ್ನೆಯದು ಮಾತ್ರ ತೆಗೆದುಕೊಂಡು ಮುಂದುವರಿಸು. ಒಂದೇ ಸ್ಟ್ರಿಪ್‌ನಲ್ಲಿ ಎರಡು ಸಲ ತಪ್ಪಿದೆ, ಹಾಗಾಗಿ 7 ದಿನ ಕಾಂಡೋಮ್ ಕೂಡ ಬಳಸಿದರೆ ನಿಶ್ಚಿಂತೆ. ಬೆಳಿಗ್ಗೆಯೋ ರಾತ್ರಿಯೋ, ಯಾವ ಶಿಫ್ಟ್ ಇದ್ದರೂ ಎಚ್ಚರವಿರುವ ಒಂದು ಹೊತ್ತು ಹಿಡಿದು ಫೋನಿನಲ್ಲಿ ಅಲಾರಾಂ ಇಡು. ವಾಂತಿ ಭೇದಿ ಜೋರಾಗಿದ್ದರೂ ಮಾತ್ರೆ ಮೈಗೆ ಹತ್ತುವುದಿಲ್ಲ, ಅದನ್ನೂ ತಪ್ಪಿದ ಲೆಕ್ಕಕ್ಕೇ ಸೇರಿಸಬೇಕು.

ಘಾಟ್ಕೋಪರ್ ಚಿಕ್ಕಮ್ಮ: ನಮ್ಮ ಚಾಳಿನಲ್ಲಿ ಒಬ್ಬಳಿಗೆ ಟಿಬಿ ಔಷಧಿ ನಡೆಯುತ್ತಿದೆ. ಅವಳೂ ಮಾತ್ರೆ ನುಂಗುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ, ಆದರೂ ನಡುನಡುವೆ ರಕ್ತ ಅನ್ನುತ್ತಾಳೆ.

ನಾನು: ಚಿಕ್ಕಮ್ಮ, ಅವಳಿಗೆ ಇವತ್ತೇ ಹೇಳಿ. ಟಿಬಿ ಕೋರ್ಸ್‌ನಲ್ಲಿ ರಿಫಾಂಪಿಸಿನ್ ಇರುತ್ತದೆ. ಅದು ಲಿವರ್‌ನಲ್ಲಿ ಈ ಹಾರ್ಮೋನ್‌ಗಳನ್ನು ಬೇಗ ಕರಗಿಸಿಬಿಡುತ್ತದೆ. ಅಲ್ಲಿ ಮಾತ್ರೆಯನ್ನು ನಂಬುವ ಹಾಗಿಲ್ಲ, ರಕ್ತ ಕಾಣುವುದು ಎಚ್ಚರಿಕೆಯೇ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜಪೈನ್ ಕೂಡ ಹಾಗೇ. ಟಿಬಿ ಔಷಧಿ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಡಾಕ್ಟರ್ ಹತ್ತಿರ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಅಥವಾ ಗರ್ಭ ತಡೆಯುವ ಅಂತರಾ ಇಂಜೆಕ್ಷನ್ ಬಗ್ಗೆ ಕೇಳಲಿ, ಅಲ್ಲಿಯವರೆಗೆ ಕಾಂಡೋಮ್.

ಡೊಂಬಿವಲಿ ದೊಡ್ಡಮ್ಮ: ಅಂತರಾನಾ? ಅದನ್ನು ಹಾಕಿಸಿಕೊಂಡ ನಮ್ಮ ಕೆಲಸದವಳಿಗೆ ಮೊದಲು ವಾರಗಟ್ಟಲೆ ರಕ್ತ, ಈಗ ಮುಟ್ಟೇ ಇಲ್ಲ. ಒಳಗೇ ಕಟ್ಟಿಕೊಂಡಿರುತ್ತದೆ ಅಲ್ವಾ?

ನಾನು: ಇಲ್ಲ ದೊಡ್ಡಮ್ಮ. 3 ತಿಂಗಳಿಗೊಮ್ಮೆ ಕೊಡುವ ಆ ಇಂಜೆಕ್ಷನ್‌ನಲ್ಲಿ ಪ್ರೊಜೆಸ್ಟಿನ್ ಮಾತ್ರ ಇರುತ್ತದೆ. ಮೊದಮೊದಲು ಹೀಗೆ ಹೊತ್ತುಗೊತ್ತಿಲ್ಲದೆ ಹೋಗುತ್ತದೆ, ಬರಬರುತ್ತಾ ಪದರವೇ ಬೆಳೆಯುವುದಿಲ್ಲ, ಹಾಗಾಗಿ ಮುಟ್ಟು ನಿಲ್ಲುತ್ತದೆ. ಉದುರಲು ಏನೂ ಇಲ್ಲದಿದ್ದಾಗ ಕಟ್ಟಿಕೊಳ್ಳುವುದೇನು? ಸೂಜಿ ಹಾಕುವ ಮೊದಲೇ ಇದನ್ನು ಹೇಳಬೇಕಿತ್ತು. ಹೇಳದೆ ಕಳಿಸಿದಾಗಲೇ ಹೆಂಗಸರು ಹೆದರಿ ಎಲ್ಲ ಬಿಟ್ಟುಬಿಡುವುದು. ನನಗೆ ಸಿಟ್ಟು ಬರುವುದು ಅಲ್ಲಿ, ನಿಮ್ಮ ಮೇಲಲ್ಲ.

ಡೊಂಬಿವಲಿ ದೊಡ್ಡಮ್ಮ: ಎಲ್ಲದಕ್ಕೂ ಏನಾಗಲ್ಲ ಏನಾಗಲ್ಲ ಅಂದರೆ ಹೇಗೆ? ಒಬ್ಬಳಿಗೆ ನಿಜವಾಗಿ ಏನಾದರೂ ಇದ್ದರೆ?

ನಾನು: ಆ ಮಾತು ಸರಿ. ಗಂಟೆಗೊಂದು ಪ್ಯಾಡ್ ತೊಯ್ದು ಹಾಗೇ ಮುಂದುವರಿದರೆ, ಕೆಳಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಜ್ವರವೋ ಕೆಟ್ಟ ವಾಸನೆಯೋ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ, ಅಥವಾ ವರ್ಷಗಟ್ಟಲೆ ಸರಿಯಿದ್ದು ಈಗ ಹೊಸದಾಗಿ ಶುರುವಾದರೆ, ಡಾಕ್ಟರ್ ಒಳಗೆ ಪರೀಕ್ಷೆ ಮಾಡಿಯೇ ನೋಡಬೇಕು, ಸೋಂಕು ಇರಬಹುದು, ಬೇರೇನಾದರೂ ಇರಬಹುದು. ಮಾತ್ರೆ ತಪ್ಪಿದ್ದರೆ ಬಸುರಿನ ಟೆಸ್ಟ್ ಕೂಡ ಮಾಡಿಕೊಳ್ಳಬೇಕು. ಒಂದು ಕಾಲು ಮಾತ್ರ ಊದಿ ನೋವು, ಎದೆನೋವು, ಉಸಿರು ಸಿಗದಿರುವುದು, ಇವು ರಕ್ತಗಡ್ಡೆಯ ಲಕ್ಷಣ, ಆಗ ಮಾತ್ರೆ ನಿಲ್ಲಿಸಿ ಆ ಕ್ಷಣವೇ ಓಡಬೇಕು. ತಂಗಿ, ನಿನಗೆ ಇದ್ಯಾವುದೂ ಇಲ್ಲ ತಾನೇ? 3 ತಿಂಗಳಾದರೂ ಕಲೆ ನಿಲ್ಲದಿದ್ದರೆ ಹೇಳು, ಬೇರೆ ಮಾತ್ರೆ ಕೊಡುತ್ತಾರೆ.

ಪುಣೆ ತಂಗಿ: ಏನೂ ಇಲ್ಲಕ್ಕ. ಈಗಷ್ಟೇ ನುಂಗಿದೆ.

ನಾನು: ದೊಡ್ಡಮ್ಮ, ಸೊಸೈಟಿ ಗುಂಪಿಗೂ ಇದನ್ನು ಹಾಕಿದ್ದೀರಲ್ಲ?

ಡೊಂಬಿವಲಿ ದೊಡ್ಡಮ್ಮ: ಹಾಕಿದ್ದೇನೆ. ನೀನೇ ನಾಲ್ಕು ಸಾಲು ಬರೆದು ಕೊಡು, ಅದರ ಕೆಳಗೆ ಹಾಕುತ್ತೇನೆ. ಆದರೆ ಆ ಕಾಂಡೋಮ್ ಮಾತು ತೆಗೆದುಬಿಡು, ಅಲ್ಲಿ ಗಂಡಸರಿದ್ದಾರೆ.

ನಾನು: ಅದನ್ನು ತೆಗೆಯುವುದಿಲ್ಲ ದೊಡ್ಡಮ್ಮ. ಅದನ್ನು ಓದಬೇಕಾದವರೇ ಅವರು.