ಎಪಿಐ ಉತ್ತರ ಒಂದೊಂದು ಸಲ ಒಂದೊಂದು ತರ, ಫ್ರಂಟೆಂಡ್‌ನಲ್ಲಿ ಇದನ್ನ ಒಂದು ದಾರಿಗೆ ತರೋದು ಹೇಗೆ?

ದ್ರಾಕ್ಷಿನಾಡು (ವಿಜಯಪುರ)

ಒಣದ್ರಾಕ್ಷಿ ಬೆಳೆಗಾರರಿಗೆ ಒಂದು ವೆಬ್ ಆಪ್ ಮಾಡುತ್ತಿದ್ದೇನೆ. ಕೋಲ್ಡ್ ಸ್ಟೋರೇಜ್‌ನಲ್ಲಿ ತಮ್ಮ ಬಾಕ್ಸ್ ಎಷ್ಟಿವೆ, ಬಾಡಿಗೆ ಎಷ್ಟಾಗಿದೆ ಅಂತ ಮೊಬೈಲ್‌ನಲ್ಲೇ ನೋಡಬೇಕು, ಅಷ್ಟೇ. ರಿಯಾಕ್ಟ್, ಟೈಪ್‌ಸ್ಕ್ರಿಪ್ಟ್, ಸರ್ವರ್ ಕರೆಗೆ ಬ್ರೌಸರ್‌ನದೇ ಫೆಚ್ ಬಳಸಿದ್ದೇನೆ. ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಬೇರೆ ತಂಡದ್ದು. ಅವರ ಒಂದು ಎಂಡ್‌ಪಾಯಿಂಟ್ (ಎಪಿಐನಲ್ಲಿ ಡೇಟಾ ಕೇಳೋ ವಿಳಾಸ) ನೇರವಾಗಿ ಅರೇ, ಅಂದರೆ ಪಟ್ಟಿ, ಕೊಡುತ್ತದೆ, ಇನ್ನೊಂದು ಅದೇ ಪಟ್ಟಿಯನ್ನ 'ಡೇಟಾ' ಅನ್ನೋ ಕೀ ಒಳಗೆ ಇಡುತ್ತದೆ, ಮತ್ತೊಂದು ಎರರ್ ಆದರೂ 200 ಸ್ಟೇಟಸ್ (ಎಲ್ಲ ಸರಿ ಅನ್ನೋ ಸಂಕೇತ) ಕಳಿಸಿ ಒಳಗೆ 'ಸಕ್ಸೆಸ್: ಫಾಲ್ಸ್' ಅನ್ನುತ್ತದೆ. ಹಾಗಾಗಿ ಪ್ರತಿ ಕಾಂಪೊನೆಂಟ್‌ನಲ್ಲೂ ಟ್ರೈ-ಕ್ಯಾಚ್, ಅದರೊಳಗೆ ನಾಲ್ಕು ಇಫ್. ತಿಕೋಟಾ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಪರದೆ ಮೇಲೆ "0 ಬಾಕ್ಸ್" ಅಂತ ಬರುತ್ತದೆ. ವರ್ಷದ ಬೆಳೆ ಒಳಗಿಟ್ಟಿರೋ ರೈತ ಅದನ್ನ ನೋಡಿದರೆ ಏನಾಗಬೇಕು ಹೇಳಿ. ನೀವೆಲ್ಲ ಇದನ್ನ ಹೇಗೆ ನಿಭಾಯಿಸುತ್ತೀರಿ?

ಕುಂದಾನಗರಿ_ಕೋಡ್ (ಬೆಳಗಾವಿ)

ಮೊದಲು ಆ "0 ಬಾಕ್ಸ್" ಸರಿ ಮಾಡಿ, ಉಳಿದದ್ದು ಆಮೇಲೆ. ಎಲ್ಲೋ 'ಡೇಟಾ ಇಲ್ಲದಿದ್ದರೆ ಖಾಲಿ ಅರೇ' ಅಂತ ಬರೆದಿರುತ್ತೀರಿ, ಅದನ್ನ ತೆಗೆಯಿರಿ. ಪಟ್ಟಿ ಖಾಲಿ ಇರೋದು ಬೇರೆ, ಪಟ್ಟಿ ಸಿಗದೇ ಇರೋದು ಬೇರೆ.

ಇನ್ನು ಫೆಚ್ ವಿಷಯ. ಸರ್ವರ್‌ನಿಂದ 404 (ಸಿಗಲಿಲ್ಲ) ಬಂದರೂ 500 (ಸರ್ವರ್ ದೋಷ) ಬಂದರೂ ಫೆಚ್ ತಾನಾಗಿ ರಿಜೆಕ್ಟ್ ಆಗಲ್ಲ, ಅಂದರೆ ಕ್ಯಾಚ್‌ಗೆ ಹೋಗಲ್ಲ, ನೆಟ್‌ವರ್ಕ್ ಕಡಿದಾಗ, ಸಿಒಆರ್‌ಎಸ್ (ಬೇರೆ ಡೊಮೇನ್ ಕರೆಗೆ ಬ್ರೌಸರ್ ಹಾಕೋ ನಿಯಮ) ತಡೆದಾಗ, ಇಂಥ ಕಡೆ ಮಾತ್ರ ಆಗುತ್ತದೆ. ಆದ್ದರಿಂದ 'ರೆಸ್ಪಾನ್ಸ್.ಓಕೆ' ನೋಡಲೇಬೇಕು, ಅದು 200ರಿಂದ 299ರವರೆಗೆ ಮಾತ್ರ ಟ್ರೂ. ಫೆಚ್ ಬದಲು ಬಳಸೋ ಆಕ್ಸಿಯೋಸ್ ಲೈಬ್ರರಿ ಹಾಗಲ್ಲ, 2xx ಬಿಟ್ಟು ಬೇರೆ ಬಂದರೆ ತಾನೇ ಎರರ್ ಎಸೆಯುತ್ತದೆ. 204 ಬಂದಾಗ ಬಾಡಿ ಇರಲ್ಲ, ಅಲ್ಲಿ ಸುಮ್ನೆ 'ಜೇಸನ್' ಕರೆದರೆ ಪಾರ್ಸ್ ಎರರ್ ಬರುತ್ತದೆ. ಮಧ್ಯದ ಪ್ರಾಕ್ಸಿ 502 ಅಂತ ಎಚ್‌ಟಿಎಂಎಲ್ ಪುಟ ಕಳಿಸಿದಾಗಲೂ ಅದೇ ಕಥೆ, ಕನ್ಸೋಲ್‌ನಲ್ಲಿ '<' ಚಿಹ್ನೆ ಬಗ್ಗೆ ದೂರು ಕಂಡರೆ ಹೆಚ್ಚು ಕಡಿಮೆ ಇದೇ ಕಾರಣ.

ಇದೆಲ್ಲಾ ಒಂದೇ ಫಂಕ್ಷನ್ ಒಳಗೆ ಇರಲಿ. ಕಾಂಪೊನೆಂಟ್‌ಗಳು ಫೆಚ್ ಮುಟ್ಟಲೇಬಾರದು. ಆ ಫಂಕ್ಷನ್ ಎರಡೇ ರೂಪ ವಾಪಸ್ ಕೊಡಲಿ: 'ಓಕೆ: ಟ್ರೂ' ಜೊತೆ ಡೇಟಾ, ಇಲ್ಲವೇ 'ಓಕೆ: ಫಾಲ್ಸ್' ಜೊತೆ ಎರರ್. ಎರರ್‌ಗೆ ಒಂದು ಬಗೆ ಕೊಡಿ: ನೆಟ್‌ವರ್ಕ್, ಲಾಗಿನ್, ಸರ್ವರ್, ಆಕಾರ (ಡೇಟಾ ಬೇರೆ ರೂಪದಲ್ಲಿ ಬಂದದ್ದು). ಈ ಎರಡು ರೂಪವನ್ನ 'ಓಕೆ' ನೋಡಿ ಬೇರೆ ಮಾಡೋ ಟೈಪ್, ಅಂದರೆ ಡಿಸ್ಕ್ರಿಮಿನೇಟೆಡ್ ಯೂನಿಯನ್ ಮಾಡಿದರೆ, ಸ್ಟ್ರಿಕ್ಟ್ ಮೋಡ್‌ನಲ್ಲಿ 'ಓಕೆ' ನೋಡದೆ ಡೇಟಾ ಮುಟ್ಟೋಕೆ ಟೈಪ್‌ಸ್ಕ್ರಿಪ್ಟ್ ಬಿಡಲ್ಲ.

ಘಟಪ್ರಭಾ_ದಂಡೆ (ಬಾಗಲಕೋಟೆ)

ಒಂದೇ ಫಂಕ್ಷನ್ ಅನ್ನೋದಕ್ಕೆ ನನ್ನದೂ ಹೌದು. ಆದರೆ ಎರರ್ ವಾಪಸ್ ಕೊಡೋ ಬದಲು ಎಸೆಯೋದೇ ಒಳ್ಳೇದು ಅನ್ನಿಸುತ್ತದೆ, ಯಾಕಂದ್ರೆ ಟ್ಯಾನ್‌ಸ್ಟ್ಯಾಕ್ ಕ್ವೆರಿ (ಸರ್ವರ್ ಡೇಟಾ ತಂದು ಜೋಪಾನ ಮಾಡೋ ಲೈಬ್ರರಿ) ಬಳಸಿದರೆ ಎಸೆದ ಎರರ್ ಮಾತ್ರ ಅದಕ್ಕೆ ಎರರ್ ಅಂತ ಗೊತ್ತಾಗುತ್ತದೆ. ನಿಮ್ಮ ಕೆಲಸಕ್ಕೆ ಅದು ತುಂಬಾ ಹೊಂದುತ್ತದೆ. ಹೊಸ ಕರೆ ಸೋತರೂ ಹಳೇ ಡೇಟಾ ಕೈಯಲ್ಲೇ ಉಳಿದಿರುತ್ತದೆ, ಕೊನೆಗೆ ಅಪ್‌ಡೇಟ್ ಆದ ಸಮಯವೂ ಸಿಗುತ್ತದೆ. "ಬೆಳಿಗ್ಗೆ 9:40ರ ಲೆಕ್ಕ, ಈಗ ನೆಟ್‌ವರ್ಕ್ ಇಲ್ಲ" ಅಂತ ತೋರಿಸಿದರೆ ರೈತರಿಗೆ ಗಾಬರಿ ಇರಲ್ಲ.

ಆಕಾರ ಬೇರೆ ಬೇರೆ ಬರೋದಕ್ಕೆ, ಪ್ರತಿ ಎಂಡ್‌ಪಾಯಿಂಟ್‌ಗೂ ಒಂದು ಸಣ್ಣ ಝೋಡ್ (ಡೇಟಾ ಪರೀಕ್ಷಿಸೋ ಲೈಬ್ರರಿ) ಸ್ಕೀಮಾ ಬರೆದು ಬಾಗಿಲಲ್ಲೇ ತಪಾಸಣೆ ಮಾಡಿ. 'ಆ್ಯಸ್ ಬಾಕ್ಸ್ ಅರೇ' ಅಂತ ಟೈಪ್ ಹಚ್ಚಿದರೆ ರನ್‌ಟೈಮ್‌ನಲ್ಲಿ ಏನೂ ಪರೀಕ್ಷೆ ಆಗಲ್ಲ. ಬ್ಯಾಕೆಂಡ್ ತಂಡದವರಿಗೂ ಕೇಳಿ ನೋಡಿ, ಎರರ್‌ಗೆ ಆರ್‌ಎಫ್‌ಸಿ 9457 (ಇಂಟರ್ನೆಟ್ ಮಾನದಂಡದ ದಾಖಲೆ) ಅಂತ 2023ರಲ್ಲಿ ಬಂದ ಒಂದು ಮಾದರಿಯೇ ಇದೆ: ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟನ್ಸ್.

ದ್ರಾಕ್ಷಿನಾಡು (ವಿಜಯಪುರ)

ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಮಾಲು ಹೊರಗೆ ತೆಗೆಯೋಕೆ ವಿನಂತಿ ಕಳಿಸೋ ಪೋಸ್ಟ್ ಕರೆ ಇದೆ. ಅದು ಟೈಮ್‌ಔಟ್ ಆದರೆ ಅದೇ ಫಂಕ್ಷನ್ ತಾನೇ ಮತ್ತೆ ಕಳಿಸಬಹುದಾ?

ಕುಂದಾನಗರಿ_ಕೋಡ್ (ಬೆಳಗಾವಿ)

ಬೇಡ. ಗೆಟ್ (ಡೇಟಾ ಓದೋ ಕರೆ) ಆದರೆ ಧೈರ್ಯವಾಗಿ ಮತ್ತೆ ಕಳಿಸಿ. ಪೋಸ್ಟ್‌ನಲ್ಲಿ ಟೈಮ್‌ಔಟ್ ಅಂದರೆ ಉತ್ತರ ಬರಲಿಲ್ಲ ಅಂತ ಮಾತ್ರ. ವಿನಂತಿ ಅಲ್ಲಿ ದಾಖಲಾಗಿರಬಹುದು, ಮತ್ತೆ ಕಳಿಸಿದರೆ 50 ಬಾಕ್ಸ್ ಬದಲು 100 ಹೊರಗೆ ಬರುತ್ತವೆ. ಪ್ರತಿ ವಿನಂತಿಗೂ ಬ್ರೌಸರ್‌ನಲ್ಲೇ ಒಂದು ಯುಯುಐಡಿ (ಬೇರೆಲ್ಲೂ ಬರದ ಗುರುತು) ಹುಟ್ಟಿಸಿ ಜೊತೆಗೆ ಕಳಿಸಿ, ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ಹೊಸ ದಾಖಲೆ ಮಾಡದೆ ಹಳೇ ಉತ್ತರವನ್ನೇ ಕೊಡಬೇಕು. ಇದಕ್ಕೆ ಬ್ಯಾಕೆಂಡ್ ಒಪ್ಪಲೇಬೇಕು, ಫ್ರಂಟೆಂಡ್‌ನಲ್ಲಿ ಒಬ್ಬರೇ ಮಾಡೋಕಾಗಲ್ಲ. ಅಲ್ಲಿಯವರೆಗೆ "ವಿನಂತಿ ತಲುಪಿತೋ ಇಲ್ಲವೋ ನೋಡುತ್ತಿದ್ದೇವೆ" ಅಂತ ತೋರಿಸಿ, ವಿನಂತಿಗಳ ಪಟ್ಟಿಯನ್ನ ಗೆಟ್ ಮಾಡಿ ನೋಡಿ, ಅದರಲ್ಲಿ ಇಲ್ಲ ಅಂತ ಗೊತ್ತಾದ ಮೇಲಷ್ಟೇ ಬಟನ್ ಮತ್ತೆ ಕೊಡಿ.