ಸಹಾಯ ಬೇಕು: ಅಪ್‌ಡೇಟ್ ಆದರೂ ರೀಪರ್ ಸ್ಕ್ರಿಪ್ಟ್ ನಿಲ್ಲದಂತೆ ಮಾಡುವುದು ಹೇಗೆ?

ನಮಸ್ಕಾರ. ಬಸವನಗುಡಿಯಲ್ಲಿ ನಮ್ಮದೊಂದು ಪುಟ್ಟ ಸ್ಟುಡಿಯೊ ಇದೆ, ಸುಗಮ ಸಂಗೀತದ ಕೆಲಸ ಜಾಸ್ತಿ. ದನಿ, ತಬಲ, ಕೊಳಲನ್ನು ಬೇರೆ ಬೇರೆ ಫೈಲ್ ಮಾಡಿ ಹೆಸರಿಡಲು ರೀಪರ್‌ನಲ್ಲಿ (ಹಾಡು ರೆಕಾರ್ಡ್, ಎಡಿಟ್ ಮಾಡುವ ಸಾಫ್ಟ್‌ವೇರ್) ಪೈಥಾನ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬಳಸುತ್ತೇನೆ. ಅದಿಲ್ಲದೆ ಕೈಕಾಲೇ ಆಡಲ್ಲ. ಕಂಪ್ಯೂಟರ್‌ನಲ್ಲಿ ಪೈಥಾನ್ ಬದಲಾದಾಗಲೆಲ್ಲ ಅದು ನಿಂತುಬಿಡುತ್ತದೆ. ಪ್ರಿಫರೆನ್ಸಸ್‌ನ ರೀಸ್ಕ್ರಿಪ್ಟ್ ಪುಟದಲ್ಲಿ ಪೈಥಾನ್ ಇರುವ ಫೋಲ್ಡರ್ ಮತ್ತೆ ತೋರಿಸಿದರೆ ಸರಿಹೋಗುತ್ತದೆ, ಮುಂದಿನ ಅಪ್‌ಡೇಟ್‌ವರೆಗೆ ಅಷ್ಟೇ.

ಲುವಾ ಎಂಬ ಇನ್ನೊಂದು ಭಾಷೆ ರೀಪರ್ ಒಳಗೇ ಇರುತ್ತದೆ ಅಲ್ವಾ, ಅದಕ್ಕೇ ಈಗ ಲುವಾದಲ್ಲಿ ಬರೆಯುತ್ತಿದ್ದೇನೆ. ಗೊಂದಲ ಇಲ್ಲಿದೆ: ಸ್ಕ್ರಿಪ್ಟ್ ಎಸ್‌ಡಬ್ಲ್ಯುಎಸ್ ಎಕ್ಸ್‌ಟೆನ್ಷನ್‌ನ (ರೀಪರ್‌ಗೆ ಬೇರೆಯಾಗಿ ಸೇರಿಸುವ ಆಡ್-ಆನ್) ಆಕ್ಷನ್‌ಗಳನ್ನೂ, ಅಂದರೆ ಕಮಾಂಡ್‌ಗಳನ್ನೂ, ಕರೆಯುತ್ತದೆ. ಅವುಗಳ ನಂಬರ್ ಬದಲಾಗಬಹುದು. ಹಾಗಾಗಿ ನಂಬರ್ ಬಿಟ್ಟು, ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರು ಕೊಟ್ಟು ನೇಮ್ಡ್‌ಕಮಾಂಡ್‌ಲುಕಪ್ ಎಂಬ ಫಂಕ್ಷನ್‌ನಿಂದ ಈಗಿನ ನಂಬರ್ ಹುಡುಕಿಸುತ್ತಿದ್ದೇನೆ. ಇಷ್ಟು ಮಾಡಿದರೆ ಸಾಕಾ? ಅಥವಾ ಪ್ರತಿ ಹೊಸ ಆವೃತ್ತಿಯನ್ನೂ ಮೊದಲು ಪೋರ್ಟಬಲ್ ಇನ್‌ಸ್ಟಾಲ್‌ನಲ್ಲಿ (ಬೇರೆ ಫೋಲ್ಡರ್‌ನಲ್ಲಿರುವ ರೀಪರ್‌ನ ಪ್ರತ್ಯೇಕ ಪ್ರತಿ) ಹಾಕಿ ನೋಡಲೇಬೇಕಾ? ಮಾಡಿದ ಅನುಭವ ಇದ್ದವರು ದಯವಿಟ್ಟು ತಿಳಿಸಿ.