ಅಜ್ಜನ ಅಜ್ಜಿಯ ತವರು ಯಾವೂರು?

ತಂಗೀ, ನೀ ಗ್ರೂಪಿಗೆ ಹಾಕಿದ ವಂಶವೃಕ್ಷ ನೋಡಿದೆ. ಭಾಳ ಛಲೋ ಮಾಡೀ. ಆದ್ರ ನಮ್ಮ ಅಜ್ಜನ ಅಜ್ಜಿ ಇರೂ ಜಾಗಾದಾಗ ಬರೇ 'ಹೆಂಡತಿ' ಅಂತ ಬರದು, ಆಕಿ ತವರು ಹೆಂಗ ಹುಡುಕೂದು ಅಂತ ಕೇಳೀಯಲ್ಲ, ಅದಕ್ಕ ಹೇಳಾಕತ್ತೀನಿ. ನನ್ನ ಹೆಸರಿನ ಮುಂದನೂ 'ಗದಗಕ್ಕ ಕೊಟ್ಟದ್ದು' ಅಂತ ಇಷ್ಟ ಐತಿ. ಇರಲಿ ಬಿಡು.

ಹೆಳವನ್ನ, ಅಂದ್ರ ಮನಿತನದ ವಂಶಾವಳಿ ಹೇಳಾಂವನ್ನ, ಕೇಳ್ರಿ ಅಂತ ಅಣ್ಣ ಹಾಕ್ಯಾನ. ಸುಗ್ಗಿ ಮುಗದಮ್ಯಾಲ ಎತ್ತು ಹೊಡಕೊಂಡು ಬರ್ತಾನ, ಮೂಲ ಊರಿಂದ ಹಿಡದು ನಿನ್ನ ತಮ್ಮನ ತನಕ ಹೇಳ್ತಾನ, ಖರೇ. ಆದ್ರ ನಮ್ಮ ಹೆಳವ ಹೇಳೂದು ನಮ್ಮ ಮನೀ ಗಂಡಸರ ಸಾಲು. ಆಕಿ ತವರಿನ ಹೆಳವ ಬ್ಯಾರೆ. ಜನಗಣತಿ ನಂಬಬ್ಯಾಡ, ಆ ಕಾಲದ್ದರಾಗ ಉಳದದ್ದು ಲೆಕ್ಕ, ಮನಿಮನಿ ಹೆಸರಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1886ಕ್ಕ, ಅಷ್ಟೊತ್ತಿಗೆ ಆಕಿ ಸೊಸಿ ತರೂ ವಯಸ್ಸಿನಾಕಿ.

ಆಕಿನ್ನ ಹೊಲದ ಕಾಗದದಾಗ ಹುಡುಕು. ಅವ್ವ ಹೇಳ್ತಿದ್ಲು: ಧಾತು ಬರದಾಗ ಗಂಡ ಸತ್ತ, ಮಕ್ಕಳಿರಲಿಲ್ಲ, ಆಕೀನ ಹುಡುಗನ್ನ ದತ್ತಕ ತಗೊಂಡ್ಲು. ಆ ಹುಡುಗನ ನಮ್ಮ ಅಜ್ಜನ ಅಪ್ಪ. ಧಾತು ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರ್ತದ, 1816, 1876, 1936. ತಲಿಮಾರು ಎಣಸಿದ್ರ ನಡುವಿಂದ ಕೂಡ್ತದ. 1876ರಿಂದ 78ರ ತನಕ ಧಾರವಾಡ, ಬೆಳಗಾವಿ, ಕಲಾದಗಿ ಸೀಮಿ ಎಲ್ಲಾ ಆ ಬರಕ್ಕ ಸಿಕ್ಕು ಬರಿದಾಗಿತ್ತು.

ಈಗ ಇದನ್ನ ಲಕ್ಷ್ಯಗೊಟ್ಟು ಕೇಳು. ಭಾಗ ಆದ ಮನಿಯಾಗ ಮಗ ಇಲ್ದ ಗಂಡ ಸತ್ರ, ಹೊಲ ಆಕಿ ಇರೂತನಕ ಹೆಂಡತಿ ಹೆಸರಿಗೆ ಬರ್ತಿತ್ತು. ಹಂಗಾಗಿ ಹಳೇ ಉತಾರದಾಗ, ಅಂದ್ರ ಹೊಲದ ಪಹಣಿ ಕಾಗದದಾಗ, ಗಂಡನ ಹೆಸರಿಗಿಂತ ಮೊದಲ 'ಕೋಂ' (ಅಂದ್ರ ಹೆಂಡತಿ) ಅಂತ ಇದ್ರ, ಅದರ ಮೊದಲಿನ ಹೆಸರ ಆಕೀದು. ದತ್ತಕದ್ದೂ ಹಂಗ. ಮದ್ರಾಸ್ ಕಡೆ ವಿಧವಿಗೆ ಗಂಡನ ಅಪ್ಪಣಿ ಇಲ್ಲಾ ದಾಯಾದಿಗಳ ಒಪ್ಪಿಗಿ ಬೇಕಿತ್ತು. ನಮ್ಮ ಸೀಮಿ ಆಗ ಇದ್ದ ಮುಂಬೈ ಇಲಾಖೆದಾಗ ಗಂಡ ಹೇಳಿರದಿದ್ರೂ ತಗೋಬಹುದಿತ್ತು. ಅಂದ್ರ ದತ್ತಕ ಪತ್ರ ಬರಸಿದ್ರ ಆಕೀನ ಬರಸಿರ್ತಾಳ. ಅದು ಸಿಕ್ಕರ ಸಾಕ್ಷಿ ಹಾಕಿದವರ ಹೆಸರು, ಊರು ಮೊದಲ ನೋಡು. ಅಂಥಾ ಹೊತ್ತಿನ್ಯಾಗ ತವರಿನ ಅಣ್ಣತಮ್ಮರು ಬಂದು ನಿಲ್ಲತಿದ್ರು, ಅವರ ಊರಿಂದ ಆಕಿ ತವರು ಗೊತ್ತಾಗಬಹುದು. ತಾಲೂಕ ಕಚೇರಿ ರೆಕಾರ್ಡ್ ರೂಮು, ಸಬ್ ರಿಜಿಸ್ಟ್ರಾರ್ ಕಚೇರಿ ಎರಡೂ ಕಡೆ ಅರ್ಜಿ ಕೊಡು. ಕೆಲವು ಕಾಗದ ಮೋಡಿಯೊಳಗ, ಅಂದ್ರ ಹಳೇ ಮರಾಠಿ ಲಿಪಿಯೊಳಗ, ಇರ್ತಾವ, ಓದಾಕ ಬರೋರನ್ನ ಕರಕೊಂಡು ಹೋಗು.

ಇನ್ನೊಂದು ನನ್ನ ಅಂದಾಜು, ನಗಬ್ಯಾಡ್ರಿ. ನಮ್ಮ ಮನೀದೇವ್ರು ವೀರಭದ್ರ. ಆದ್ರ ಬನದ ಹುಣ್ಣಿಮಿಗೆ ಬದಾಮಿ ಬನಶಂಕರಿಗೆ ಹೋಗೂದು ತಪ್ಪಿಸೂದಿಲ್ಲ, ಅದೂ ನಮ್ಮ ಕವಲಿನವರಷ್ಟ, ದಾಯಾದಿಗಳು ಹೋಗೂದಿಲ್ಲ. ಆ ನಡಾವಳಿ ಆಕೀನ ತವರಿಂದ ತಂದಿರಬೇಕು. ಬನಶಂಕರಿಗೆ ಎಲ್ಲಾ ಸೀಮಿ ಮಂದಿ ಬರ್ತಾರ, ಅದೊಂದರ ಮ್ಯಾಲ ಹೇಳಾಕ ಬರೂದಿಲ್ಲ. ಆದ್ರೂ ಕಾಗದದಾಗ 'ಕಲಾದಗಿ ಜಿಲ್ಲಾ' ಅಂತ ಕಂಡ್ರ ಬಿಟ್ಟು ಮುಂದ ಹೋಗಬ್ಯಾಡ. ಬದಾಮಿ ಆಗ ಅದರಾಗ ಇತ್ತು, ಜಿಲ್ಲಾ ಕಚೇರಿ ವಿಜಾಪುರಕ್ಕ ಹೋದದ್ದು ಆಮ್ಯಾಲ.

ಅಣ್ಣಾ, ನಿಮ್ಮ ಟ್ರಂಕಿನ್ಯಾಗ ಹಳೇ ಉತಾರ ಇದ್ರ ಸರ್ವೆ ನಂಬರ ಕಾಣೂಹಂಗ ಫೋಟೋ ತಗದು ಇಲ್ಲೇ ಹಾಕು. ಉಳಿದವರು ಗುಡ್ ಮಾರ್ನಿಂಗ್ ಹೂವಿನ ಫೋಟೋ ಒಂದೆರಡು ದಿನ ತಡೀರಿ, ಇಲ್ಲಂದ್ರ ಅದು ಮ್ಯಾಲ ಹೋಗಿ ಮತ್ತ ಸಿಗೂದಿಲ್ಲ.